ಹೊಸ್ತಿಲು ಕುಯ್ಸಿದ ದಿನ

ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೋಗುವಾಗ ಸ್ಕೂಟರಿನಿಂದ ಬಿದ್ದು ನನ್ನ ಎರಡು ಕಾಲೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ವೀಲ್‌ಚೇರಿನಲ್ಲಿ ಕ್ಯಾತ್ಸಂದ್ರದ ಮನೆಗೆ ಬಂದ ಮೇಲೆ ಗೊತ್ತಾಯಿತು, ಇಷ್ಟು ವರ್ಷ ನಾನಿದ್ದದ್ದು ಮನೆಯಲ್ಲಲ್ಲ, ಕೋಟೆಯಲ್ಲಿ. ಮುಂಬಾಗಿಲ ಹೊಸ್ತಿಲೇ ಗೇಣೆತ್ತರ. ನಾನು ಹೊರಗೆ ಹೋಗಬೇಕೆಂದರೆ ಗಂಡ ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದು ದೇವರ ಪಲ್ಲಕ್ಕಿಯಂತೆ ಕುರ್ಚಿ ಎತ್ತಬೇಕು. ಜೈಕಾರ ಹಾಕುವವರು ಮಾತ್ರ ಇರಲಿಲ್ಲ.

ಹೊಸ್ತಿಲು ತೆಗೆಸೋಣವೆಂದು ಗಂಡ ಬಡಗಿಯನ್ನು ಕರೆಸಿದರು. ಅದೇ ಹೊತ್ತಿಗೆ ನನ್ನ ಆರೋಗ್ಯ ವಿಚಾರಿಸಲು ಕೊತ್ತಗೆರೆಯಿಂದ ಅವರ ದೊಡ್ಡಪ್ಪ ಬಂದರು. ಆರೋಗ್ಯದ ವಿಚಾರ ಅರ್ಧ ನಿಮಿಷದಲ್ಲಿ ಮುಗಿಯಿತು. ಹೊಸ್ತಿಲಿನ ವಿಚಾರ ಎರಡು ಲೋಟ ಕಾಫಿಯಾದರೂ ಮುಗಿಯಲಿಲ್ಲ.

"ಹೊಸ್ತಿಲು ಕುಯ್ಸಿದ್ರೆ ಲಕ್ಷ್ಮಿ ಒಳಕ್ಕೆ ಬರಲ್ಲ ಕಣವ್ವ."

"ಲಕ್ಷ್ಮಿಗೆ ಕಾಲು ನೆಟ್ಟಗಿದಾವೆ ಮಾವ, ಹೆಂಗಾದ್ರೂ ಬರ್ತಾಳೆ. ನಾನು ಹೆಂಗೆ ಬರ್ಲಿ?" ಎಂದೆ.

ಅವರು ಅತ್ತೆಯ ಕಡೆ ನೋಡಿದರು. ದಿನಾ ಬೆಳಿಗ್ಗೆ ಆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವವರು ಅತ್ತೆಯೇ. ನನ್ನ ಕಥೆ ಮುಗೀತು ಅಂದುಕೊಂಡೆ.

ಅತ್ತೆ ಬಡಗಿಗೆ ಹೇಳಿದರು: "ಕುಯ್ಯಪ್ಪ ನೀನು. ರಂಗೋಲಿನ ನೆಲದ ಮೇಲೆ ಹಾಕ್ತೀನಿ. ಇವಳನ್ನ ಎತ್ತಿ ಎತ್ತಿ ನನ್ನ ಸೊಂಟಾನೂ ಹೋದ್ರೆ ಇನ್ನೊಂದು ಕುರ್ಚಿ ತರ್ಬೇಕಾಗುತ್ತೆ."

ದೊಡ್ಡಮಾವ ಊಟಕ್ಕೂ ನಿಲ್ಲದೆ ಹೊರಟರು.

ಸಂಜೆ ನಾನೊಬ್ಬಳೇ ಚಕ್ರ ತಳ್ಳಿಕೊಂಡು ಜಗುಲಿಗೆ ಬಂದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಒಳಗೆ ಹೋದೆ, ಮತ್ತೆ ಬಂದೆ. ನಾಲ್ಕನೇ ಸಲ ಅತ್ತೆ ಅಡುಗೆಮನೆಯಿಂದ ಕೂಗಿದರು: "ಏನೇ ಅದು, ಮನೇನ ಬಸ್ ಸ್ಟ್ಯಾಂಡ್ ಮಾಡ್ಕೊಂಡಿದೀಯಾ?"