ನಿನ್ನ ತವರಿನ ಬಾವಿ ನೀರು

ಶಾಲಿನಿ, ನನ್ನ ತಮ್ಮ ಹರೀಶ ಸತ್ತದ್ದು ಕಾಮಾಲೆಯಿಂದ ಅಲ್ಲ. ಅದು ನಾನು ಹೇಳಿದ ಸುಳ್ಳು. ಆರು ವರ್ಷ ನೀನು ನಂಬಿದೆ — ನಾನು ನಂಬಲು ಬಿಟ್ಟೆ.

ನೀನು ಬಾಣಂತನಕ್ಕೆ ಜಾಲ್ಸೂರಿನ ತವರಿನಲ್ಲಿದ್ದೆ. ಮಗುವಿನ ತಲೆ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿ ಅವನು ನೆಟ್ಟಣಕ್ಕೆ ಮರಳಿದ. ಮರುದಿನವೇ ಶುರು ಮಾಡಿದ. ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಐದನೆಯ ದಿನ ನಾನು ಹೋದಾಗ ನೆಲದ ಮೇಲೆ ಬಿದ್ದಿದ್ದ. ತೊಡೆಗಳು ಕಲ್ಲಿನಂತೆ ಬಿಗಿದಿದ್ದವು, ಏಳಲು ತ್ರಾಣವಿಲ್ಲ. ಮೂತ್ರ ಹಾಲಿಲ್ಲದ ಚಹಾದ ಬಣ್ಣ.

"ಕಾಮಾಲೆ ಅಂತ ಹೇಳು ಅಕ್ಕ. ಅವಳಿಗೆ ಗೊತ್ತಾಗುದು ಬೇಡ."

"ಕಾಮಾಲೆ ಆಗಿರುದು ನಿನ್ನ ಮಂಡೆಗೆ ಮಾರಾಯ," ಎಂದು ಗದರಿದೆ. ಆದರೆ ಆ ಬಣ್ಣ ನೋಡಿ ನಾನೂ ಅರ್ಧ ನಂಬಿದೆ. ನಾಟಿಮದ್ದು ತಂದೆ. ಪಥ್ಯವೆಂದು ಮೂರು ದಿನ ಉಪ್ಪಿಲ್ಲದ ಗಂಜಿ ಕುಡಿಸಿದೆ — ಈ ಕೈಯಿಂದಲೇ.

ಕೈಕಾಲು ಅದುರತೊಡಗಿದಾಗ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಅವನ ಕಣ್ಣು ಬಿಡಿಸಿ ನೋಡಿದರು. "ಹಳದಿ ಇಲ್ಲವಲ್ಲ. ಕುಡಿತ ಉಂಟಾ?"

ಹರೀಶ ನನ್ನನ್ನೇ ನೋಡಿದ. ಆಗಷ್ಟೇ ಜಾಲ್ಸೂರಿನಿಂದ ಬಂದು ಬಾಗಿಲಲ್ಲಿ ನಿಂತ ನೀನು, ತೋಳಲ್ಲಿ ಮಗು.

"ಇಲ್ಲ ಡಾಕ್ಟ್ರೆ," ಎಂದೆ.

ಮರುದಿನ ರಕ್ತದ ವರದಿ ಹಿಡಿದು ಅವರು ಮತ್ತೆ ಕೇಳಿದರು. ನೀನು ಹಾಲೂಡಿಸಲು ಹೋಗಿದ್ದೆ. ಆಗ ಎಲ್ಲ ಹೇಳಿದೆ. ಕುಡಿತಕ್ಕೆ ಸ್ನಾಯುಗಳು ಒಡೆದು ಮೂತ್ರಪಿಂಡ ಕೆಟ್ಟಿದೆ, ರಕ್ತದ ಲವಣಗಳು ಏರುಪೇರಾಗಿ ಹೃದಯ ತಾಳ ತಪ್ಪುತ್ತಿದೆ ಎಂದರು. ಉಪ್ಪಿಲ್ಲದ ಗಂಜಿ ಎಂದಾಗ, ವರದಿಯಲ್ಲಿ ತೀರಾ ಇಳಿದಿದ್ದ ಉಪ್ಪಿನ ಅಂಶದ ಮೇಲೆ ಬೆರಳಿಟ್ಟರು. ಕೊನೆಗೆ, "ನಿನ್ನೆಯೇ ಹೇಳಬೇಕಿತ್ತು ಅಮ್ಮ." ಅಷ್ಟೇ.

ಸಂಜೆಗೆ ಹೋಗಿಬಿಟ್ಟ. ನಿನಗೆ ಕಾಮಾಲೆ ಎಂದೇ ಹೇಳಿದೆ. ಒಂದು ದಿನ ಮೊದಲು ಬಾಯಿ ಬಿಟ್ಟಿದ್ದರೆ — ಗೊತ್ತಿಲ್ಲ. ಡಾಕ್ಟರನ್ನು ಕೇಳುವ ಧೈರ್ಯ ಬರಲಿಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆ ಮುಗಿದ ಮೇಲೆ ನೀನು ಕೇಳಿದೆ: "ನಮ್ಮ ಬಾವಿ ನೀರು ಕುಡಿದೇ ಕಾಮಾಲೆ ಆಯ್ತಾ ಅತ್ತಿಗೆ?" ನಾನು ತಲೆ ತಗ್ಗಿಸಿದೆ. ನೀನು ಅದನ್ನೇ ಹೌದೆಂದುಕೊಂಡೆ. ಅಂದಿನಿಂದ ನೀರನ್ನು ಎರಡೆರಡು ಸಲ ಕುದಿಸುತ್ತಿ. ಹೋದ ವಾರ ನಿನ್ನ ಮಗಳು ನಮ್ಮಲ್ಲಿ ಲೋಟ ಹಿಡಿದು, "ಅತ್ತೆ, ಇದು ಕುದಿಸಿದ್ದಾ?" ಎಂದು ಹೆದರಿ ಕೇಳಿದಳು. ಹೌದೆಂದೆ. ಅವಳು ಮೂಸಿ ನೋಡಿ ಕುಡಿದಳು.

ನಿಮ್ಮ ಬಾವಿ ನೀರಲ್ಲಿ ಏನೂ ಇರಲಿಲ್ಲ, ಶಾಲಿನಿ. ವರದಿಗಳೆಲ್ಲ ನನ್ನ ಕಪಾಟಿನಲ್ಲಿವೆ. ನಾಳೆ ಈ ಪತ್ರದ ಜೊತೆ ನಾನೇ ತರುತ್ತೇನೆ, ಓದಿ ಮುಗಿಸುವವರೆಗೆ ಜಗಲಿಯಲ್ಲಿ ಕೂತಿರುತ್ತೇನೆ. ಆಮೇಲೆ ನನಗೆ ಕುಡಿಯಲು ನೀರು ಕೊಡಬೇಕೆಂದೇನೂ ಇಲ್ಲ.