ಕಂಪ್ಯೂಟರ್‌ಗೆ ಬಗ್ಗಿದ ಬಂಧುಗಳು

ಜಪಾನಿನ ಮಾತ್ಸುಎ ಊರಿನ ಕಂಪ್ಯೂಟರ್‌ಗಳನ್ನೆಲ್ಲ ಸರಿಮಾಡುತ್ತಿದ್ದ ಗೆಳೆಯ ಇಕುಜೊ ತೀರಿಕೊಂಡ. ಅಂತ್ಯಕ್ರಿಯೆಯಲ್ಲಿ ನಾನು ಓದಬೇಕಿದ್ದ ವಿದಾಯದ ಮಾತುಗಳು ಸಭಾಂಗಣದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ತೆರೆದುಕೊಂಡವು. ಹತ್ತೇ ನಿಮಿಷ ಉಳಿದಿತ್ತು.

"ಇಂಥದ್ದಕ್ಕೆ ಅವನನ್ನೇ ಕರೀತಿದ್ದೆ," ಎಂದೆ.

ಅವನ ಹೆಂಡತಿ ಸುಮಿಎ ಕಣ್ಣೊರೆಸಿಕೊಂಡಳು. "'ಕಂಪ್ಯೂಟರ್ ಮುನಿಸ್ಕೊಂಡಿದೆ ಕಣೋ, ಬಗ್ಗಿ ಕ್ಷಮೆ ಕೇಳು' ಅಂತಿದ್ರಲ್ಲ? ನೀವು ಬಗ್ಗಿದಾಗ ಬರಹ ತೆರೆಯೋ ಎಡಿಟರ್‌ನಲ್ಲಿ ಹಳೇ ಜಪಾನಿ ಅಕ್ಷರ-ಸಂಕೇತದ ಸೆಟ್ಟಿಂಗ್ ಒತ್ತಿಬಿಡ್ತಿದ್ರು, ಅಷ್ಟೇ."

ಇಪ್ಪತ್ತು ವರ್ಷ ಬಗ್ಗಿದ್ದೆನಲ್ಲ, ಕಳ್ಳ!

ಅದನ್ನೇ ಒತ್ತಿದೆ. ಅಕ್ಷರಗಳು ಮರಳಿದವು. ಅಭ್ಯಾಸಬಲದಿಂದ ಕಂಪ್ಯೂಟರ್‌ಗೆ ಬಗ್ಗಿದೆ. ಇದೂ ಪದ್ಧತಿಯಿರಬೇಕೆಂದು ಹಿಂದಿದ್ದ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ಅದಕ್ಕೆ ಬಗ್ಗಿದರು. ಸುಮಿಎ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ನಗುವಿನಿಂದ ಕುಲುಕುತ್ತಿದ್ದವು.

ನಗು ತಡೆಯುವುದರಲ್ಲೇ ಇದ್ದುದರಿಂದ, ಅಳದೆ ಕೊನೆಯವರೆಗೂ ಓದಿದೆ.