ಸೋನುಬಾಯಿ ತೆರೆದ ಕಿಟಕಿ

ಮೋರಖಂಡಿಯಲ್ಲಿ ಯಾರ ಮನೆಯ ಬಾಣಂತನವಿದ್ದರೂ ಸೋನುಬಾಯಿಗೇ ಕರೆ. ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿ, ಹೊಗೆಯಾಡದ ಕೆಂಡವನ್ನು ಬಾಣಂತಿಯ ಮಂಚದ ಕೆಳಗಿಡುವುದು ಅವಳ ಪದ್ಧತಿ. ಹೊಗೆಯಿಲ್ಲದ ಮೇಲೆ ಭಯವೇನು?

ಸೊಸೆ ಸುಜಾತಾಗೂ ಹಾಗೇ ಮಾಡಿದಳು. ಬೆಳಿಗ್ಗೆ ಬಾಗಿಲು ತೆರೆದರೆ, ಹಸಿದು ಚೀರಬೇಕಾದ ಕೂಸು ಸುಮ್ಮನಿತ್ತು.

“ತಲಿ ಒಡ್ಯಾಕತ್ತದ, ಅತ್ತಿ,” ಎಂದು ಏಳಹೋದ ಸುಜಾತಾ ಕುಸಿದಳು.

ಸೋನುಬಾಯಿ ಕೂಸನ್ನು ಅಂಗಳಕ್ಕೆ ಒಯ್ದಳು, ಸೊಸೆಯನ್ನೂ ಎಳೆದು ತಂದಳು. ಅಂಗಾಲು ತಿಕ್ಕಿದಳು, ಕೆನ್ನೆ ತಟ್ಟಿದಳು. ಎಷ್ಟೋ ಹೊತ್ತಿನ ಮೇಲೆ ಕೂಸು ಕಿರ್ರೆಂದಿತು, ಸುಜಾತಾಳೂ ಕಣ್ಣು ಬಿಟ್ಟಳು. ಕೆಂಡದ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದರು ದವಾಖಾನೆಯ ಡಾಕ್ಟರು.

ಈಗ ಯಾರ ಮನೆಗೆ ಹೋದರೂ ಅವಳು ಮೊದಲು ಕೆಂಡ ಹೊರಗಿಟ್ಟು ಕಿಟಕಿ ತೆರೆಯುತ್ತಾಳೆ. ಕೂಸಿಗೆ ಥಂಡಿ ಹತ್ತುತ್ತದೆಂದು ಮುದುಕಿಯರು ಗೊಣಗುತ್ತಾರೆ.

“ಹತ್ತಲಿ ಬಿಡ್ರಿ,” ಎನ್ನುತ್ತಾಳೆ. “ಥಂಡಿ ಹತ್ತಿದ ಕೂಸು ಅಳತದ.”